ದೈವವೆಷ್ಟು, ಪೌರುಷವೆಷ್ಟು? – ಅಮರ ಸುಳ್ಯದ 1837ರ ಪಾಠ

ಪುತ್ತೂರು, ಸುಳ್ಯ, ಕಡಬಗಳ ಸೀಮೆಯಲ್ಲಿ ‘ದೈವ’ ಎಂಬ ಶಬ್ದಕ್ಕೆ ಎರಡು ಅರ್ಥಗಳು ರೂಢಿಯಲ್ಲಿವೆ. ಗ್ರಾಮದ ಚಾವಡಿಯಲ್ಲಿ, ಗುತ್ತಿನ ಮನೆಯಲ್ಲಿ, ಕಾವಿನ ಕಟ್ಟೆಯಲ್ಲಿ ಆರಾಧನೆಗೊಂಡು ವರ್ಷಕ್ಕೊಮ್ಮೆ ನೇಮ ಸ್ವೀಕರಿಸುವ ಶಕ್ತಿಯನ್ನು ಜನ ದೈವವೆನ್ನುತ್ತಾರೆ. ಹಣೆಯಲ್ಲಿ ಬರೆದದ್ದು, ಗ್ರಹಚಾರ, ಯೋಗ ಎಂದು ಹೇಳುವ ಕಡೆಯೂ ‘ಎಲ್ಲ ದೈವೇಚ್ಛೆ’ ಎಂದು ಅದೇ ಶಬ್ದವನ್ನು ಬಳಸುತ್ತಾರೆ. ಈ ಎರಡು ಅರ್ಥಗಳು ಒಂದರೊಳಗೊಂದು ಬೆರೆತು, ನಮ್ಮ ಬದುಕಿನಲ್ಲಿ ನಡೆಯುವುದೆಲ್ಲವನ್ನೂ ನಮ್ಮಿಂದ ಹೊರಗಿರುವ ಯಾವುದೋ ಒಂದು ಶಕ್ತಿ ನಡೆಸುತ್ತದೆ ಎಂಬ ಭಾವನೆ ಜನಮನದಲ್ಲಿ ಬೇರೂರಿದೆ. ಜೈನ ಕುಟುಂಬಗಳೂ ಇದರಿಂದ ಹೊರತಾಗಿಲ್ಲ. ಬಸದಿಯಲ್ಲಿ ಅಷ್ಟವಿಧಾರ್ಚನೆ ಮುಗಿಸಿ ಮನೆಗೆ ಬಂದವರು, ವ್ಯಾಪಾರದಲ್ಲಿ ನಷ್ಟವಾದೊಡನೆ ಜಾತಕ ಬಿಡಿಸಿ ಕೂರುವುದನ್ನು ನಾವೆಲ್ಲರೂ ಕಂಡಿದ್ದೇವೆ. ನಾವೂ ಹಾಗೆ ಕುಳಿತಿದ್ದೇವೆ.

ಮನುಷ್ಯನ ಬದುಕಿನಲ್ಲಿ ದೈವದ ಪಾಲೆಷ್ಟು, ಅವನ ಸ್ವಂತ ಹೊಣೆಯೆಷ್ಟು ಎಂಬ ಪ್ರಶ್ನೆ ಬಹು ಪುರಾತನವಾದುದು. ನಮ್ಮ ಆಚಾರ್ಯರು ಅದಕ್ಕೆ ಸ್ಪಷ್ಟವಾದ ಉತ್ತರವನ್ನು ಕೊಟ್ಟಿದ್ದಾರೆ. ಆ ಉತ್ತರವನ್ನು ನಮ್ಮ ಮಣ್ಣಿನಲ್ಲೇ ನಡೆದ ಒಂದು ಘಟನೆಯೊಂದಿಗೆ ಇಟ್ಟು ನೋಡುವುದು ಈ ಲೇಖನದ ಉದ್ದೇಶ. ಆ ಘಟನೆ 1837ರ ಅಮರ ಸುಳ್ಯದ ಬಂಡಾಯ. ಅದರಲ್ಲಿ ಸೇರಿ ಗಲ್ಲಿಗೇರಿದವರಲ್ಲಿ ನಂದಾವರದ ಲಕ್ಷ್ಮಪ್ಪ ಬಂಗರಸರೆಂಬ ಜೈನ ಅರಸರೂ ಒಬ್ಬರೆಂಬುದನ್ನು ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಬಲ್ಲರು?

ನಿಯತಿವಾದ ಮತ್ತು ಕುಂಬಾರನ ಮಡಕೆ

ಭಗವಾನ್ ಮಹಾವೀರರ ಕಾಲದಲ್ಲಿಯೇ ನಿಯತಿವಾದ ಪ್ರಬಲವಾಗಿತ್ತು. ಮಂಖಲಿ ಗೋಶಾಲನ ಅನುಯಾಯಿಗಳಾದ ಆಜೀವಿಕರು, ಜೀವಿಗಳ ಸುಖದುಃಖಗಳೆಲ್ಲವೂ ಮೊದಲೇ ನಿಶ್ಚಿತವಾಗಿವೆ, ಪ್ರಯತ್ನವೆಂಬುದಕ್ಕೆ ಯಾವ ಬಲವೂ ಇಲ್ಲ ಎಂದು ಸಾರುತ್ತಿದ್ದರು. ಈ ಪಂಥ ಅಲ್ಪಾಯುವಾಗಿರಲಿಲ್ಲ. ಮಗಧದ ಬರಾಬರ್ ಬೆಟ್ಟದಲ್ಲಿ ಅಶೋಕ ಚಕ್ರವರ್ತಿ ಅವರಿಗಾಗಿ ಗುಹೆಗಳನ್ನು ದಾನ ಮಾಡಿದ. ತಮಿಳುನಾಡಿನಲ್ಲಿಯೂ ನಮ್ಮ ಕೋಲಾರದ ಕಡೆಯಲ್ಲಿಯೂ ಮಧ್ಯಯುಗದವರೆಗೆ ಅವರಿದ್ದರೆಂದು ಶಾಸನಗಳಿಂದ ತಿಳಿಯುತ್ತದೆ.

ಶ್ವೇತಾಂಬರ ಆಗಮವಾದ ಉಪಾಸಕದಶಾಂಗದಲ್ಲಿ ಸದ್ದಾಲಪುತ್ತನೆಂಬ ಕುಂಬಾರನ ಪ್ರಸಂಗ ಬರುತ್ತದೆ. ಅವನು ಪೋಲಾಸಪುರದವನು, ಶ್ರೀಮಂತ, ಆಜೀವಿಕರ ಉಪಾಸಕ. ಬಿಸಿಲಿಗಿಟ್ಟ ಹಸಿ ಮಡಕೆಗಳನ್ನು ನೋಡಿ ಮಹಾವೀರರು, ಇವು ಪ್ರಯತ್ನದಿಂದ ಆದವೋ ಪ್ರಯತ್ನವಿಲ್ಲದೆ ಆದವೋ ಎಂದು ಕೇಳುತ್ತಾರೆ. ಎಲ್ಲವೂ ನಿಯತವಾಗಿರುವುದರಿಂದ ಪ್ರಯತ್ನದ ಮಾತೇ ಇಲ್ಲವೆಂದು ಅವನ ಉತ್ತರ. ಹಾಗಾದರೆ ಯಾರಾದರೂ ಬಂದು ನಿನ್ನ ಮಡಕೆಗಳನ್ನು ಒಡೆದರೆ, ನಿನ್ನ ಪತ್ನಿಯ ಮೇಲೆ ಕೈಮಾಡಿದರೆ ಏನು ಮಾಡುವೆ ಎಂದು ಮತ್ತೆ ಕೇಳುತ್ತಾರೆ. ಅಂಥವನನ್ನು ಹಿಡಿದು ದಂಡಿಸುವೆನೆಂದು ಕುಂಬಾರ ಹೇಳುತ್ತಾನೆ. ಎಲ್ಲವೂ ನಿಯತವಾಗಿದ್ದರೆ ಒಡೆದವನದು ಅಪರಾಧವೇ ಅಲ್ಲವಲ್ಲ, ದಂಡನೆ ಯಾತಕ್ಕೆ ಎಂದಾಗ ಅವನ ಕಣ್ಣು ತೆರೆಯುತ್ತದೆ.

ಈ ಪ್ರಸಂಗದ ಸೂಕ್ಷ್ಮವನ್ನು ಗಮನಿಸಬೇಕು. ನಿಯತಿವಾದಿಯಾದವನು ಕೂಡ ಇತರರ ತಪ್ಪಿಗೆ ಇತರರನ್ನೇ ಹೊಣೆ ಮಾಡುತ್ತಾನೆ. ವಿಧಿಯ ಮೊರೆಹೊಗುವುದು ತನ್ನ ತಪ್ಪಿನ ಮಾತು ಬಂದಾಗ ಮಾತ್ರ. ಎರಡೂವರೆ ಸಾವಿರ ವರ್ಷಗಳ ಅನಂತರವೂ ಈ ಸ್ವಭಾವ ಬದಲಾಗಿಲ್ಲ.

ಸಮಂತಭದ್ರರ ನಾಲ್ಕು ಕಾರಿಕೆಗಳು

ದಿಗಂಬರ ಪರಂಪರೆಯಲ್ಲಿ ಈ ಪ್ರಶ್ನೆಗೆ ಅತ್ಯಂತ ನಿಖರವಾದ ಉತ್ತರ ಕೊಟ್ಟವರು ಸ್ವಾಮಿ ಸಮಂತಭದ್ರಾಚಾರ್ಯರು. ರತ್ನಕರಂಡಕ ಶ್ರಾವಕಾಚಾರದ ಮೂಲಕ ನಮ್ಮ ಮನೆಮನೆಗೂ ಪರಿಚಿತರಾದ ಈ ಮಹನೀಯರು, 114 ಕಾರಿಕೆಗಳ ಆಪ್ತಮೀಮಾಂಸೆಯಲ್ಲಿ ನಾಲ್ಕೇ ನಾಲ್ಕು ಕಾರಿಕೆಗಳನ್ನು ದೈವ-ಪೌರುಷಗಳ ವಿಚಾರಕ್ಕೆ ಮೀಸಲಿಟ್ಟಿದ್ದಾರೆ. ಅವುಗಳ ತಾತ್ಪರ್ಯ ಹೀಗಿದೆ.

ಎಲ್ಲವೂ ದೈವದಿಂದಲೇ ಸಿದ್ಧಿಸುವುದಾದರೆ ಆ ದೈವ ಎಲ್ಲಿಂದ ಬಂತು? ಹಿಂದಿನ ಪ್ರಯತ್ನದಿಂದ ಬಂತೆಂದರೆ ದೈವವೊಂದೇ ಕಾರಣವೆಂಬ ಮಾತು ಬಿದ್ದುಹೋಯಿತು. ದೈವದಿಂದಲೇ ದೈವ ಹುಟ್ಟುತ್ತ ಹೋಗುತ್ತದೆಂದರೆ ಮೋಕ್ಷವೆಂಬುದೇ ಇಲ್ಲವಾಗಿ ತಪಸ್ಸು ವ್ಯರ್ಥವಾಯಿತು. ಇನ್ನು ಎಲ್ಲವೂ ಪೌರುಷದಿಂದಲೇ ಎನ್ನುವುದಾದರೆ, ಪ್ರಯತ್ನಪಟ್ಟ ಪ್ರಾಣಿಗಳೆಲ್ಲವೂ ತಪ್ಪದೆ ಫಲವನ್ನು ಪಡೆಯಬೇಕಾಗಿತ್ತು; ಲೋಕದಲ್ಲಿ ಹಾಗೆ ಕಾಣುವುದಿಲ್ಲ. ಎರಡನ್ನೂ ಸುಮ್ಮನೆ ಒಟ್ಟುಗೂಡಿಸಿದರೂ ವಿರೋಧ ಪರಿಹಾರವಾಗದು. ಹೇಳಲಾಗದ್ದೆಂದು ಕೈಬಿಟ್ಟರೂ ಆಗದು. ಆದ್ದರಿಂದ ಆಚಾರ್ಯರು ಒಂದು ಅಳತೆಗೋಲನ್ನು ಕೊಡುತ್ತಾರೆ: ನಾವು ಎಣಿಸದೆ, ಬುದ್ಧಿಪೂರ್ವಕವಾಗಿ ಪ್ರವರ್ತಿಸದೆ ಒದಗಿದ ಇಷ್ಟಾನಿಷ್ಟಗಳು ನಮ್ಮ ದೈವದಿಂದ, ಬುದ್ಧಿಪೂರ್ವಕವಾದ ಪ್ರವೃತ್ತಿಯಿಂದ ಒದಗಿದ ಇಷ್ಟಾನಿಷ್ಟಗಳು ನಮ್ಮ ಪೌರುಷದಿಂದ.

ಅಕಲಂಕದೇವರು ತಮ್ಮ ಅಷ್ಟಶತಿಯಲ್ಲಿ ಇದನ್ನು ಇನ್ನಷ್ಟು ಬಿಡಿಸಿದರು. ದೈವವೆಂದರೆ ಪೂರ್ವಕರ್ಮ, ಅದು ಕಣ್ಣಿಗೆ ಕಾಣದ್ದು. ಪೌರುಷವೆಂದರೆ ಈ ಲೋಕದಲ್ಲಿ ಮಾಡುವ ಚೇಷ್ಟೆ, ಅದು ಕಾಣುವಂಥದು. ಇಲ್ಲಿ ದೈವವೆಂಬುದು ಹೊರಗಿನ ಒಡೆಯನಲ್ಲ. ನಾವೇ ಹಿಂದೆ ಮಾಡಿದ್ದು ಈಗ ನಮ್ಮೆದುರು ಬಂದು ನಿಂತಿರುವ ರೂಪ. ಗಣಿತಶಾಸ್ತ್ರದ ಭಾಷೆಗಿಂತ ಅಂಗಡಿಯ ಭಾಷೆಯಲ್ಲಿ ಹೇಳುವುದು ನನಗೆ ಸುಲಭ. ದೈವವೆಂಬುದು ವರ್ಷಾರಂಭದ ಶಿಲ್ಕು. ಕಳೆದ ವರ್ಷದ ವ್ಯವಹಾರದಿಂದ ಇಳಿದು ಬಂದ ಅದನ್ನು ಹೊಸ ಪುಸ್ತಕದ ಮೊದಲ ಸಾಲಿನಲ್ಲಿ ಬರೆಯಲೇಬೇಕು, ತಿದ್ದಲಾಗದು. ಅದರ ಕೆಳಗಿನ ಸಾಲುಗಳನ್ನು ಬರೆಯುವ ಕೈ ಮಾತ್ರ ನಮ್ಮದು. ವರ್ಷಾಂತ್ಯದಲ್ಲಿ ಉಳಿದದ್ದೇ ಮುಂದಿನ ವರ್ಷದ ಆರಂಭ ಶಿಲ್ಕಾಗುತ್ತದೆ.

ಈ ಹೋಲಿಕೆಗೂ ಒಂದು ಮಿತಿಯಿದೆ. ಲೆಕ್ಕದ ಶಿಲ್ಕು ಕೂತಲ್ಲೇ ಕೂತಿರುತ್ತದೆ, ಕರ್ಮ ಹಾಗಲ್ಲ. ಚಾವುಂಡರಾಯನ ಕಾಲದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗೊಮ್ಮಟಸಾರದ ಕರ್ಮಕಾಂಡದಲ್ಲಿ ಕರ್ಮದ ಹತ್ತು ಕರಣಗಳನ್ನು ವಿವರಿಸಿದ್ದಾರೆ. ಕಟ್ಟಿದ ಕರ್ಮದ ಸ್ಥಿತಿ, ಅನುಭಾಗಗಳು ಉತ್ಕರ್ಷಣದಿಂದ ಹೆಚ್ಚಬಹುದು, ಅಪಕರ್ಷಣದಿಂದ ಕುಗ್ಗಬಹುದು. ಒಂದು ಪ್ರಕೃತಿ ತನ್ನ ಜಾತಿಯ ಇನ್ನೊಂದು ಪ್ರಕೃತಿಯಾಗಿ ಸಂಕ್ರಮಣ ಹೊಂದಬಹುದು. ಕಾಲಕ್ಕೆ ಮುನ್ನವೇ ಉದೀರಣೆಗೆ ಬರಬಹುದು, ಉಪಶಮವಾಗಬಹುದು. ಈ ಯಾವ ಬದಲಾವಣೆಗೂ ಒಗ್ಗದ ನಿಕಾಚಿತವೆಂಬುದು ಆ ಹತ್ತರಲ್ಲಿ ಒಂದು ಮಾತ್ರ. ಕರ್ಮಸಿದ್ಧಾಂತವನ್ನು ಹಣೆಬರಹದ ಇನ್ನೊಂದು ಹೆಸರೆಂದು ತಿಳಿದವರು ಈ ಕರಣಗಳನ್ನು ಒಮ್ಮೆ ಓದಬೇಕು.

ಯಾರೂ ಕೇಳದೆ ಬಂದ 1834

ಈಗ ನಮ್ಮ ನೆಲಕ್ಕೆ ಬರೋಣ. ಅಮರ ಸುಳ್ಯ, ಬೆಳ್ಳಾರೆ, ಪಂಜ ಮುಂತಾದ ಸೀಮೆಗಳು ಘಟ್ಟದ ಕೆಳಗಿದ್ದರೂ ಕೊಡಗಿನ ಹಾಲೇರಿ ಅರಸರ ಆಳ್ವಿಕೆಗೆ ಒಳಪಟ್ಟಿದ್ದವು. 1834ರಲ್ಲಿ ಈಸ್ಟ್ ಇಂಡಿಯಾ ಕಂಪೆನಿ ಕೊಡಗಿನ ಮೇಲೆ ದಂಡೆತ್ತಿ ಬಂದು, ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕಾಶಿಗೆ ಕಳುಹಿಸಿತು. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಕಾದಂಬರಿಯಿಂದ ಆ ಅರಸನ ಕಥೆ ನಾಡಿಗೆಲ್ಲ ಪರಿಚಿತವಾಗಿದೆ. ಘಟ್ಟದ ಕೆಳಗಿನ ಈ ಸೀಮೆಗಳನ್ನು ಕಂಪೆನಿ ಕೊಡಗಿನಿಂದ ಬೇರ್ಪಡಿಸಿ ಕೆನರಾ ಜಿಲ್ಲೆಗೆ ಸೇರಿಸಿತು.

ಇದರಲ್ಲಿ ಇಲ್ಲಿನ ಒಬ್ಬ ರೈತನ ಅಭಿಪ್ರಾಯವನ್ನೂ ಯಾರೂ ಕೇಳಲಿಲ್ಲ. ರಾತ್ರಿ ಕೊಡಗಿನ ಪ್ರಜೆಯಾಗಿ ಮಲಗಿದವನು ಬೆಳಗ್ಗೆ ಕೆನರಾದ ರೈತನಾಗಿ ಎದ್ದಂತಾಯಿತು. ಕೊಡಗಿನ ಅರಸರಿಗೆ ಕಂದಾಯವನ್ನು ಧಾನ್ಯರೂಪದಲ್ಲಿ ಸಲ್ಲಿಸಿ ರೂಢಿಯಿದ್ದ ಜನ ಈಗ ನಾಣ್ಯದಲ್ಲಿಯೇ ಕೊಡಬೇಕಾಯಿತು. ಮನೆಯಲ್ಲಿ ಭತ್ತವಿದ್ದರೂ ಕೈಯಲ್ಲಿ ರೊಕ್ಕವಿಲ್ಲ. ಕಿಸ್ತಿನ ದಿನ ಸಮೀಪಿಸಿದಂತೆ ಬೆಳೆಯನ್ನು ಸಿಕ್ಕಿದ ಬೆಲೆಗೆ ಮಾರಬೇಕು, ಇಲ್ಲವೇ ಸಾಲ ಕೊಡುವವರ ಬಾಗಿಲಿಗೆ ಹೋಗಬೇಕು. ವ್ಯಾಪಾರಿಯಾಗಿ ಈ ಸಂಕಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಮಾರಲೇಬೇಕಾದ ದಿನ ಮಾರುವವನಿಗೆ ಎಂದೂ ಸರಿಯಾದ ಬೆಲೆ ಸಿಕ್ಕದು. ಇದರ ಜೊತೆಗೆ ಉಪ್ಪು, ಹೊಗೆಸೊಪ್ಪುಗಳ ಮೇಲೆ ಕಂಪೆನಿಯ ಏಕಸ್ವಾಮ್ಯದ ಹೊರೆ ಬೇರೆ.

ಸಮಂತಭದ್ರರ ಅಳತೆಗೋಲನ್ನು ಹಿಡಿದರೆ ಇದಿಷ್ಟೂ ಅಬುದ್ಧಿಪೂರ್ವಕವಾಗಿ ಒದಗಿದ್ದು. ಆ ರೈತರಿಗೆ ಇದು ದೈವ. ಆದರೆ ಇದೇ ಘಟನೆ ಕಂಪೆನಿಯ ಅಧಿಕಾರಿಗೆ ದೈವವಲ್ಲ. ಅವನು ಬುದ್ಧಿಪೂರ್ವಕವಾಗಿ ಮಾಡಿದ್ದು. ಒಂದೇ ಕಂದಾಯದ ಆಜ್ಞೆ ಕೊಡುವವನ ಪುಸ್ತಕದಲ್ಲಿ ಪೌರುಷ, ಹೊರುವವನ ಪುಸ್ತಕದಲ್ಲಿ ದೈವ. ಬಡವನ ಕಷ್ಟಕ್ಕೆ ಅವನ ಕರ್ಮವೇ ಕಾರಣವೆಂದು ಹೇಳಿ ಸುಮ್ಮನಾಗುವ ಸ್ಥಿತಿವಂತರು ಇದನ್ನು ಮರೆಯಬಾರದು. ಅವನ ಕರ್ಮದ ಉದಯಕ್ಕೆ ನಿಮಿತ್ತವಾದ ನಮ್ಮ ಕ್ರಿಯೆಗೆ ನಾವೇ ಹೊಣೆ.

ಆಯ್ಕೆಯ 1837

ಆಗ ಇಲ್ಲಿನ ಜನರ ಮುಂದೆ ಹಲವು ದಾರಿಗಳಿದ್ದವು. ಸಾಲ ಮಾಡಿ ಕಿಸ್ತು ಕಟ್ಟಬಹುದಾಗಿತ್ತು; ಅರ್ಜಿ ಕೊಡಬಹುದಾಗಿತ್ತು; ಹಣೆಬರಹವೆಂದು ಸುಮ್ಮನಿರಬಹುದಾಗಿತ್ತು. ಕೆದಂಬಾಡಿ ರಾಮಯ್ಯ ಗೌಡರೇ ಮೊದಲಾದ ಮುಖಂಡರು ಆಯ್ದುಕೊಂಡದ್ದು ಬಂಡಾಯದ ದಾರಿ. ಹಾಲೇರಿ ವಂಶದವರೆಂದು ಹೇಳಿಕೊಂಡ ಸ್ವಾಮಿ ಅಪರಂಪಾರ ಮತ್ತು ಕಲ್ಯಾಣಸ್ವಾಮಿ ಇಬ್ಬರನ್ನೂ ಕಂಪೆನಿ ಅದಾಗಲೇ ಬಂಧಿಸಿತ್ತು. ಆಗ ಶನಿವಾರಸಂತೆಯ ಕಡೆಯ ಪುಟ್ಟಬಸಪ್ಪನೆಂಬಾತನನ್ನೇ ಕಲ್ಯಾಣಸ್ವಾಮಿಯೆಂದು ಜನರ ಮುಂದೆ ನಿಲ್ಲಿಸಲಾಯಿತು. ಗೌಡರು, ಬ್ರಾಹ್ಮಣರು, ಬಂಟರು, ಕುಡಿಯರು ಹೀಗೆ ಹಲವು ಸಮುದಾಯದವರು ಕೂಡಿಕೊಂಡರು. ಮೂರು ವರ್ಷ ಭೂಕಂದಾಯವಿಲ್ಲ, ಉಪ್ಪು-ಹೊಗೆಸೊಪ್ಪುಗಳ ಸುಂಕವಿಲ್ಲವೆಂಬ ಘೋಷಣೆ ಊರೂರಿಗೆ ಹರಡಿತು.

1837ರ ಮಾರ್ಚ್ 30ರಂದು ಬೆಳ್ಳಾರೆಯ ಖಜಾನೆ ಬಂಡಾಯಗಾರರ ವಶವಾಯಿತು. ಅಲ್ಲಿಂದ ಒಂದು ದಂಡು ಮಡಿಕೇರಿಯ ಕಡೆಗೆ, ಇನ್ನೊಂದು ಪುತ್ತೂರಿನ ಮಾರ್ಗವಾಗಿ ಮಂಗಳೂರಿನ ಕಡೆಗೆ ಹೊರಟಿತು. ಸಿಪಾಯಿಗಳೊಂದಿಗೆ ಪುತ್ತೂರಿಗೆ ಬಂದಿದ್ದ ಕಲೆಕ್ಟರ್ ಲೆವಿನ್ ನಿಲ್ಲಲಾರದೆ ಮಂಗಳೂರಿಗೆ ಹಿಮ್ಮೆಟ್ಟಬೇಕಾಯಿತು. ಪಾಣೆಮಂಗಳೂರಿನ ಸಮೀಪ, ನೇತ್ರಾವತಿಯ ದಂಡೆಯ ನಂದಾವರದ ಬಂಗರಸರು ದಂಡಿಗೆ ಸೇರಿಕೊಂಡರು. ಏಪ್ರಿಲ್ 5ರಂದು ಮಂಗಳೂರು ಕೈವಶವಾಗಿ, ಗುಡ್ಡದ ಮೇಲಿದ್ದ ಕಂಪೆನಿಯ ಬಾವುಟ ಕೆಳಗಿಳಿಯಿತು. ಇಂದಿಗೂ ಆ ಸ್ಥಳಕ್ಕೆ ಬಾವುಟಗುಡ್ಡೆಯೆಂದು ಹೆಸರು. ಮುಂದೆ 1857ರಲ್ಲಿ ಉತ್ತರ ಭಾರತದಲ್ಲಿ ನಡೆದ ಸಂಗ್ರಾಮಕ್ಕಿಂತ ಇದು 20 ವರ್ಷ ಹಿಂದಿನ ಮಾತು.

ಆ ಸ್ವಾತಂತ್ರ್ಯ ಸುಮಾರು 13 ದಿನ ಉಳಿಯಿತು. ಕಣ್ಣಾನೂರು, ತಲಶ್ಶೇರಿ, ಮುಂಬಯಿಗಳ ಕಡೆಯಿಂದ ಕಂಪೆನಿಯ ಸೈನ್ಯ ಸಮುದ್ರಮಾರ್ಗವಾಗಿ ಬಂದಿಳಿಯಿತು. ಬಂಡಾಯಗಾರರಲ್ಲಿ ಸಮುದ್ರವನ್ನು ತಡೆಯುವ ಶಕ್ತಿಯಿರಲಿಲ್ಲ. ಕೊಡಗಿನ ಕಡೆಗೆ ಹೋದ ದಂಡಿಗೂ ನಿರೀಕ್ಷಿಸಿದ ನೆರವು ದೊರೆಯಲಿಲ್ಲ. ಅಲ್ಲಿನ ದಿವಾನರಲ್ಲಿ ಲಕ್ಷ್ಮೀನಾರಾಯಣರನ್ನು ಸಂಶಯದ ಮೇಲೆ ಬಂಧಿಸಲಾಗಿತ್ತು. ಅಪ್ಪಾರಂಡ ಬೋಪು, ಚೆಪ್ಪುಡಿರ ಪೊನ್ನಪ್ಪ ಇವರು ಕಂಪೆನಿಯ ಪಕ್ಷದಲ್ಲಿ ನಿಂತರು. ಪುಟ್ಟಬಸಪ್ಪ, ಲಕ್ಷ್ಮಪ್ಪ ಬಂಗರಸ ಮೊದಲಾದವರನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಲಾಯಿತು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿಸಿದರು. ಹಲವರು ಗಡೀಪಾರಾದರು.

ಕಂಪೆನಿಗೆ ನೆರವಾದವರಿಗೆ ಬಹುಮಾನವೂ ಬಂತು. ‘ಕೊಡಗು, ಏಪ್ರಿಲ್ 1837’ ಎಂದು ಕೆತ್ತಿದ ರಾಜನಿಷ್ಠೆಯ ಪದಕಗಳನ್ನು ಚಿನ್ನದಲ್ಲಿಯೂ ಬೆಳ್ಳಿಯಲ್ಲಿಯೂ ಹೊಯ್ಯಿಸಿ ಹಂಚಲಾಯಿತು.

ಪದಕ ಮತ್ತು ನೇಣು

ಒಂದೇ ತಿಂಗಳ ಘಟನೆ ಕೆಲವರ ಕೊರಳಿಗೆ ಪದಕವನ್ನು, ಕೆಲವರ ಕೊರಳಿಗೆ ನೇಣನ್ನು ತಂದಿತು. ಅಂದು ಇದನ್ನು ಕಂಡ ಸಾಮಾನ್ಯ ಮನುಷ್ಯ, ಪದಕ ದೊರೆತವರದು ಪುಣ್ಯದ ಉದಯ, ನೇಣಿಗೆ ಹೋದವರದು ಪಾಪದ ಉದಯ ಎಂದು ಹೇಳಿರಬಹುದು. ಜನರ ಬಾಯಲ್ಲಿ ಬಂಡಾಯಕ್ಕೆ ‘ಕಲ್ಯಾಣಪ್ಪನ ಕಾಟಕಾಯಿ’ ಎಂಬ ಹೆಸರು ಉಳಿದದ್ದೂ ಇದೇ ಮನೋಭಾವದಿಂದ. ಲೂಟಿ, ದಾಂಧಲೆ ಎಂಬ ಧ್ವನಿ ಆ ಹೆಸರಿನಲ್ಲಿದೆ. ಸೋತವರ ಕೆಲಸಕ್ಕೆ ಹೆಸರಿಡುವ ಅಧಿಕಾರ ಯಾವಾಗಲೂ ಗೆದ್ದವರ ಕೈಯಲ್ಲಿರುತ್ತದೆ.

ಫಲವನ್ನು ನೋಡಿ ಕೃತ್ಯವನ್ನು ಅಳೆಯುವ ಈ ಕ್ರಮವನ್ನು ಜೈನಧರ್ಮ ಒಪ್ಪುವುದಿಲ್ಲ. ಇನ್ನೊಬ್ಬರಿಗೆ ದುಃಖ ಕೊಟ್ಟರೆ ಪಾಪ, ಸುಖ ಕೊಟ್ಟರೆ ಪುಣ್ಯ ಎಂದಷ್ಟೇ ಹೇಳಿದರೆ ಸಾಲದೆಂದೂ, ಆ ಕ್ರಿಯೆಯ ಹಿಂದಿನ ಭಾವದಲ್ಲಿ ವಿಶುದ್ಧಿಯಿದೆಯೋ ಸಂಕ್ಲೇಶವಿದೆಯೋ ಎಂಬುದೇ ನಿರ್ಣಾಯಕವೆಂದೂ ಸಮಂತಭದ್ರರು ದೈವ-ಪೌರುಷದ ವಿಚಾರವನ್ನು ಮುಗಿಸಿದ ಮರುಗಳಿಗೆಯಲ್ಲಿಯೇ ಹೇಳುತ್ತಾರೆ. ಈ ಎರಡು ವಿಚಾರಗಳನ್ನು ಅವರು ಒಂದರ ಬೆನ್ನಿಗೊಂದು ಇಟ್ಟದ್ದು ಸಾರ್ಥಕವಾಗಿದೆ. ಗೆಲುವು ಸೋಲುಗಳಲ್ಲಿ ದೈವದ ಪಾಲು ಬಹಳ. ಹಡಗು ಯಾವ ದಿನ ಬಂತು, ಯಾವ ದಿವಾನ ಯಾವ ಪಕ್ಷ ಹಿಡಿದ ಎಂಬುದು ಬೆಳ್ಳಾರೆಯಲ್ಲಿ ಹೊರಟು ನಿಂತವನ ಕೈಯಲ್ಲಿರಲಿಲ್ಲ. ಅವನ ಕೈಯಲ್ಲಿದ್ದದ್ದು ಹೊರಡುವ ನಿರ್ಧಾರ, ಹೊರಟ ಮೇಲೆ ನಡೆದುಕೊಳ್ಳುವ ರೀತಿ. ಬಂಧವಾಗುವುದು ಅಲ್ಲಿ.

ಬಂಗರಸರ ವಿಚಾರಕ್ಕೆ ಬರೋಣ. ಬಂಗವಾಡಿ, ನಂದಾವರಗಳಿಂದ ಆಳಿದ ಬಂಗರು ತುಳುನಾಡಿನ ಪ್ರಾಚೀನ ಜೈನ ಅರಸು ಮನೆತನಗಳಲ್ಲಿ ಒಂದು. 16ನೇ ಶತಮಾನದಲ್ಲಿ ಉಳ್ಳಾಲದ ರಾಣಿ ಅಬ್ಬಕ್ಕನ ಕೈಹಿಡಿದ ಬಂಗರಸರ ಹೆಸರೂ ಲಕ್ಷ್ಮಪ್ಪನೆಂದೇ. ಇಬ್ಬರನ್ನೂ ಒಬ್ಬರೆಂದು ತಿಳಿಯಬಾರದು. ಇಬ್ಬರ ನಡುವೆ ಸುಮಾರು ಮೂರು ಶತಮಾನಗಳ ಅಂತರವಿದೆ. 1837ರ ಲಕ್ಷ್ಮಪ್ಪ ಬಂಗರಸರ ಕಾಲಕ್ಕೆ ಅರಸೊತ್ತಿಗೆಯ ಹೆಸರು ಉಳಿದಿತ್ತು, ಆಡಳಿತ ಕಂಪೆನಿಯದಾಗಿತ್ತು. ರಾಜ್ಯ ಕೈತಪ್ಪಿದ್ದು ಅವರಿಗೆ ದೈವದಿಂದ ಒದಗಿದ್ದು. ದಂಡು ತಮ್ಮ ಬಾಗಿಲಿನ ಮುಂದೆ ಹಾದುಹೋಗುವಾಗ ಬಾಗಿಲು ಮುಚ್ಚಿಕೊಂಡು ಕೂರುವ ಸ್ವಾತಂತ್ರ್ಯ ಅವರಿಗಿತ್ತು. ಅವರು ಹಾಗೆ ಮಾಡಲಿಲ್ಲ.

ಅಹಿಂಸಾಧರ್ಮದವರು ಆಯುಧ ಹಿಡಿಯಬಹುದೇ ಎಂದು ನಮ್ಮ ತರುಣರು ಕೇಳುತ್ತಾರೆ. ನಮ್ಮ ಹಿರಿಯರು ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಕೊಲ್ಲಬೇಕೆಂಬ ಉದ್ದೇಶದಿಂದಲೇ ಮಾಡುವ ಸಂಕಲ್ಪಿ ಹಿಂಸೆಯನ್ನು ಶ್ರಾವಕ ಸಂಪೂರ್ಣವಾಗಿ ತ್ಯಜಿಸಬೇಕು. ದೇಶ, ಧರ್ಮ, ಕುಟುಂಬಗಳ ರಕ್ಷಣೆಗಾಗಿ ಎದುರಿಸುವಾಗ ಆಗುವ ವಿರೋಧಿ ಹಿಂಸೆಯನ್ನು ಗೃಹಸ್ಥನು ಪೂರ್ತಿ ಬಿಡಲಾರ. ಬಿಡಲಾರನೆಂದ ಮಾತ್ರಕ್ಕೆ ಅದಕ್ಕೆ ಲೆಕ್ಕವಿಲ್ಲವೆಂದಲ್ಲ. ಅದೂ ಪುಸ್ತಕದಲ್ಲಿ ಖರ್ಚಾಗಿಯೇ ಬರೆಯಲ್ಪಡುತ್ತದೆ. ಬಂಗರಸರ ಅಂತರಂಗದ ಭಾವ ಕೇವಲಿಗಳಿಗೆ ಮಾತ್ರ ಗೋಚರ. ಆದರೆ ಅವರು ತಮ್ಮ ನಿರ್ಧಾರಕ್ಕೆ ತಮ್ಮ ತಲೆಯನ್ನೇ ಕೊಟ್ಟರೆಂಬುದು ಚರಿತ್ರೆಗೆ ಗೋಚರವಾಗಿದೆ.

ಇದೇ ನ್ಯಾಯದಿಂದ ಬಂಡಾಯದ ಲೋಪಗಳನ್ನೂ ಬರೆಯಬೇಕು. ಪುಟ್ಟಬಸಪ್ಪನನ್ನು ಕಲ್ಯಾಣಸ್ವಾಮಿಯೆಂದು ಸಾರಿದ್ದು ಬುದ್ಧಿಪೂರ್ವಕವಾದ ಅಸತ್ಯ. ರಾಜವಂಶದವನ ಹೆಸರಿದ್ದರೆ ಅದೃಷ್ಟವೂ ಜೊತೆಗೂಡುತ್ತದೆ ಎಂಬ ಜನರ ನಂಬಿಕೆಯನ್ನು ಮುಖಂಡರು ಬಳಸಿಕೊಂಡರು. ಕಂದಾಯದ ಅನ್ಯಾಯವೆಂಬ ನಿಜವಾದ ಕಾರಣವೇ ಇದ್ದಾಗ ಸುಳ್ಳು ಹೆಸರಿನ ಆಸರೆ ಬೇಕಾಗಿತ್ತೇ? ದಂಡು ಹೋದ ದಾರಿಯಲ್ಲಿ ಯಾರಾದರೂ ನಿರಪರಾಧಿಯ ಮನೆಗೆ ಕೈಹಾಕಿದ್ದರೆ ಅದೂ ಹಾಗೆ ಮಾಡಿದವನ ಹೊಣೆಯೇ; ಕಂಪೆನಿಯ ಅನ್ಯಾಯ ಅದಕ್ಕೆ ಸಮಜಾಯಿಷಿಯಾಗದು. ದೊಡ್ಡ ಉದ್ದೇಶವೆಂಬುದು ಸಣ್ಣ ತಪ್ಪುಗಳನ್ನು ಹೊಡೆದುಹಾಕುವ ರಬ್ಬರಲ್ಲ. ತ್ಯಾಗವನ್ನು ಜಮೆಯ ಕಡೆ, ಅಸತ್ಯವನ್ನು ಖರ್ಚಿನ ಕಡೆ ಬರೆದು, ಎರಡನ್ನೂ ಅಳಿಸದೆ ಓದುವುದೇ ಚರಿತ್ರೆಗೆ ನಾವು ಸಲ್ಲಿಸುವ ಗೌರವ.

ಹೆಸರು ತಿರುಗಿ ಬಂದ ಬಗೆ

ಕಾಟಕಾಯಿ ಎಂಬ ಹೆಸರು ಶಾಶ್ವತವಾಗಲಿಲ್ಲ. ಇಂದಿನ ಕಡಬ ತಾಲೂಕಿಗೆ ಸೇರಿದ, ಸುಬ್ರಹ್ಮಣ್ಯದ ಬಳಿಯ ಕುಳ್ಕುಂದದಲ್ಲಿ ಹುಟ್ಟಿದ ನಿರಂಜನರು ‘ಕಲ್ಯಾಣಸ್ವಾಮಿ’ ಎಂಬ ಕಾದಂಬರಿಯಲ್ಲಿ ಈ ಬಂಡಾಯವನ್ನು ಜನರ ಹೋರಾಟವಾಗಿ ಚಿತ್ರಿಸಿದರು. ಎನ್.ಎಸ್. ದೇವಿಪ್ರಸಾದ್ ಸಂಪಾಜೆಯವರು ಸ್ಥಳೀಯ ಆಧಾರಗಳನ್ನು ಕಲೆಹಾಕಿ ಅದನ್ನು ಸ್ವಾತಂತ್ರ್ಯ ಸಮರವೆಂದು ಪ್ರತಿಪಾದಿಸಿದರು. 2022ರಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿಯೇ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಸ್ಥಾಪನೆಯಾಯಿತು. ಗಲ್ಲಿನ ನೆರಳಿನಲ್ಲಿ ಮುಚ್ಚಿಹೋಗಿದ್ದ ಮಾನ 185 ವರ್ಷಗಳ ಅನಂತರ ತಿರುಗಿ ಬಂತು. ಇದು ತಾನಾಗಿ ಬರಲಿಲ್ಲ. ಬರೆದವರು, ಹುಡುಕಿದವರು, ಸಭೆ ನಡೆಸಿದವರು ಬುದ್ಧಿಪೂರ್ವಕವಾಗಿ ಮಾಡಿದ ಕೆಲಸ. ಬಂಗರಸರ ವಿಷಯದಲ್ಲಿ ಅಂಥ ಕೆಲಸವನ್ನು ನಾವು ಎಷ್ಟು ಮಾಡಿದ್ದೇವೆ ಎಂದು ನಮ್ಮ ಸಂಘ-ಸಂಸ್ಥೆಗಳು ಕೇಳಿಕೊಳ್ಳುವುದು ಒಳ್ಳೆಯದು.

ಮಳೆ ಮತ್ತು ಹಂಚು

ಈ ವಿಚಾರ ಅರಸರ, ಬಂಡಾಯಗಾರರ ಮಟ್ಟಿಗೆ ಮಾತ್ರ ಸೀಮಿತವಲ್ಲ. ಪುತ್ತೂರು-ಸುಳ್ಯದ ಅಡಿಕೆ ತೋಟಗಳನ್ನೇ ನೋಡಿರಿ. ಆಷಾಢದ ಮಳೆಯಲ್ಲಿ ಕೊಳೆರೋಗ ಬಂದು ಎಳೆಯ ಕಾಯಿ ಉದುರುವುದನ್ನು ಹಿಂದಿನವರು ವಿಧಿಯೆಂದೇ ತಿಳಿದಿದ್ದರು. ಗೊನೆಗೆ ಕೊಟ್ಟೆ ಕಟ್ಟುವುದೊಂದೇ ಬಲ್ಲವರ ಉಪಾಯವಾಗಿತ್ತು. 20ನೇ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ರೋಗದ ಕಾರಣವನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬಳಕೆಗೆ ತಂದರು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮಳೆಗೆ ಮುನ್ನ ಒಮ್ಮೆ, ಸುಮಾರು 40-45 ದಿನಗಳ ಅನಂತರ ಮತ್ತೊಮ್ಮೆ. ಅಂದಿನಿಂದ ಕೊಳೆರೋಗದ ಬಹುಭಾಗ ದೈವದ ಪುಟದಿಂದ ಪೌರುಷದ ಪುಟಕ್ಕೆ ಬಂತು. ಈಗ ಮದ್ದು ಬಿಡದೆ ಕೂತವನು ಮಳೆಯನ್ನು ದೂರುವಂತಿಲ್ಲ. ಸುಳ್ಯದ ಕಡೆ ತೋಟಗಳನ್ನು ನುಂಗುತ್ತಿರುವ ಹಳದಿ ಎಲೆ ರೋಗಕ್ಕೆ ಮಾತ್ರ ಖಚಿತವಾದ ಮದ್ದಿಲ್ಲ. ಅಲ್ಲಿ ರೋಗ ದೈವವೇ. ಹಾಗಿದ್ದರೂ ಪರ್ಯಾಯ ಬೆಳೆ ಹಿಡಿಯುವುದು, ಸಾಲದ ಮೇಲೆ ಸಾಲ ಮಾಡದಿರುವುದು, ನೆರೆಯವನ ತೋಟ ಹೋದಾಗ ಕೈಹಿಡಿಯುವುದು ಇವೆಲ್ಲ ನಮ್ಮ ಪುಟದಲ್ಲಿಯೇ ಉಳಿದಿವೆ. ತಿಳಿವಳಿಕೆ ಬೆಳೆದಂತೆ ಹೊಣೆಯೂ ಬೆಳೆಯುತ್ತದೆ.

ನನ್ನದೇ ಒಂದು ತಪ್ಪನ್ನು ಇಲ್ಲಿ ಹೇಳಿಕೊಳ್ಳುತ್ತೇನೆ. ವ್ಯಾಪಾರದ ಆರಂಭದ ವರ್ಷಗಳಲ್ಲಿ ಒಮ್ಮೆ ಬೆಲೆ ಏರುವುದೆಂಬ ಆಸೆಯಿಂದ ಚಾಲಿ ಅಡಿಕೆಯನ್ನು ಮಳೆಗಾಲ ದಾಟುವವರೆಗೆ ಗೋದಾಮಿನಲ್ಲಿ ಇಟ್ಟುಕೊಂಡೆ. ಆ ವರ್ಷ ಮಳೆ ಹೆಚ್ಚಾಯಿತು. ಒಂದು ಮೂಲೆಯಲ್ಲಿ ಸೋರಿ, ಗೋಣಿಗಳು ನೆನೆದು, ಮಾಲಿಗೆ ಬೂಷ್ಟು ಹಿಡಿಯಿತು. ಮನೆಗೆ ಬಂದು ಎಲ್ಲರೆದುರು ಗ್ರಹಚಾರವೆಂದು ಹಲುಬಿದೆ. ಅಕ್ಷರ ಹೆಚ್ಚು ಕಲಿಯದ ನನ್ನ ತಾಯಿ ಅಕ್ಕಿ ಆರಿಸುತ್ತ ಕೂತಿದ್ದರು. “ಮಳೆ ಬಂದದ್ದು ಗ್ರಹಚಾರ, ಸರಿ ಮಗಾ. ಒಡೆದ ಹಂಚು ಬದಲಿಸದೆ ಇದ್ದದ್ದು ಯಾರು?” ಎಂದು ಕೇಳಿದರು. ಹಂಚು ಒಡೆದದ್ದು ಮೇ ತಿಂಗಳಲ್ಲಿಯೇ ನನ್ನ ಕಣ್ಣಿಗೆ ಬಿದ್ದಿತ್ತು. ಆಳನ್ನು ಕರೆಯಲು ನಾಳೆ ನಾಳೆಯೆಂದು ಸೋಮಾರಿತನ ಮಾಡಿದ್ದೆ. ಆಪ್ತಮೀಮಾಂಸೆಯನ್ನು ನಾನು ಓದಿದ್ದು ಅದಾಗಿ ಎಷ್ಟೋ ವರ್ಷಗಳ ಮೇಲೆ. ಆ ಕಾರಿಕೆಯ ಅರ್ಥ ತಿಳಿಯಲು ನನಗೆ ಟೀಕೆ ಬೇಕಾಗಲಿಲ್ಲ.

ಮನೆಗೂ ಬಸದಿಗೂ

ಸಮಂತಭದ್ರರ ಅಳತೆಗೋಲಿಗೆ ಎರಡು ಅಂಚುಗಳಿವೆ. ಒಂದು ಅಂಚು ನಮ್ಮ ನೆಪಗಳನ್ನು ಕತ್ತರಿಸುತ್ತದೆ. ಇನ್ನೊಂದು ಅಂಚು ನಮ್ಮ ಅಹಂಕಾರವನ್ನು ಕತ್ತರಿಸುತ್ತದೆ. ಎಣಿಸದೆ ಬಂದ ಲಾಭವೂ ದೈವದ್ದೇ ಆದುದರಿಂದ, ಬೆಲೆ ಏರಿದ ವರ್ಷ ಬಂದ ಸಂಪತ್ತನ್ನು ನನ್ನ ಜಾಣತನವೆಂದು ಬೀಗುವಂತಿಲ್ಲ. ಸೋತವನನ್ನು ಅಯೋಗ್ಯನೆಂದು ಹಳಿಯುವಂತೆಯೂ ಇಲ್ಲ. ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದ ಮಗುವಿಗೆ, ನಿನ್ನ ಹಣೆಯಲ್ಲಿ ವಿದ್ಯೆ ಬರೆದಿಲ್ಲವೆಂದು ಹೇಳುವುದು ಎಷ್ಟು ತಪ್ಪೋ, ಕಾಯಿಲೆಯಿಂದ ನರಳಿ ಬರೆದ ಮಗುವಿಗೆ ನಿನ್ನದೇ ಸೋಮಾರಿತನವೆಂದು ಗದರುವುದೂ ಅಷ್ಟೇ ತಪ್ಪು. ಮೊದಲು ಯಾವುದು ಯಾವ ಪುಟದ್ದೆಂದು ನೋಡಬೇಕು.

ಬಸದಿಗಳ ಆಡಳಿತ ಮಂಡಳಿಗಳಿಗೂ ಒಂದು ವಿನಂತಿ. ಮಾಡು ಸೋರಿ ಮರದ ಪಕಾಸಿಗೆ ಗೆದ್ದಲು ಹಿಡಿದಾಗ, ತಾಡವಾಲೆಗೆ ಹುಳ ಬಿದ್ದಾಗ, ಪಾಠಶಾಲೆಯಲ್ಲಿ ಮಕ್ಕಳಿಲ್ಲದಾದಾಗ ‘ಪಂಚಮಕಾಲ’ ಎಂದು ನಿಟ್ಟುಸಿರಿಡುವುದು ರೂಢಿಯಾಗಿದೆ. ಪಂಚಮಕಾಲದಲ್ಲಿ ಹುಟ್ಟಿದ್ದು ನಮ್ಮ ದೈವ, ನಿಜ. ಹಂಚು ಬದಲಿಸಬೇಕಾದದ್ದು ಪಂಚಮಕಾಲದ ಕೆಲಸವಲ್ಲ.

1837ರ ಏಪ್ರಿಲ್ ತಿಂಗಳಲ್ಲಿ ನಂದಾವರದ ದಾರಿಯಲ್ಲಿ ದಂಡು ಸಾಗಿದಾಗ ಬಂಗರಸರ ಮುಂದೆ ಇದ್ದದ್ದು ಹದಿಮೂರು ದಿನಗಳ ಗೆಲುವು ಮತ್ತು ಒಂದು ನೇಣು. ಅದು ಮುಂಚಿತವಾಗಿ ಅವರಿಗೆ ತಿಳಿದಿರಲಿಲ್ಲ. ನಮಗೂ ನಮ್ಮ ನಾಳೆ ತಿಳಿಯದು. ತಿಳಿಯದ ಆ ನಾಳೆಯನ್ನು ದೈವಕ್ಕೆ ಬಿಟ್ಟು, ತಿಳಿದಿರುವ ಇಂದಿನ ಸಾಲನ್ನು ನಮ್ಮ ಕೈಯಿಂದಲೇ, ಸುಳ್ಳಿಲ್ಲದೆ ಬರೆಯೋಣ. ಸಂಜೆ ಸಾಮಾಯಿಕಕ್ಕೆ ಕುಳಿತಾಗ ಆ ಸಾಲನ್ನು ಒಮ್ಮೆ ಓದಿ ನೋಡುವ ಅಭ್ಯಾಸ ಪ್ರತಿ ಶ್ರಾವಕ-ಶ್ರಾವಿಕೆಯರಿಗೂ ಬರಲಿ.

ಜೈನಂ ಜಯತು ಶಾಸನಂ.